ಇಪ್ಪತ್ತೆರಡು ಮಕ್ಕಳ ತೂಕ

ನನ್ನ ಎಡಗಡೆಯ ಕೆಳದವಡೆ ಹಲ್ಲಿನೊಳಗೆ ಒಂದು ಕಪ್ಪು ಗೆರೆ ಇದೆ. ಕನ್ನಡಿಯಲ್ಲಿ ಕಾಣುವುದಿಲ್ಲ. ಹಲ್ಲಿನಿಂದ ಸಾಸಿವೆಯಷ್ಟು ಚೂರು ತೆಗೆದು, ಕೂದಲಿಗಿಂತ ತೆಳ್ಳಗೆ ಕೊಯ್ದು, ಯಂತ್ರದ ಬೆಳಕಿನ ಕೆಳಗೆ ಇಟ್ಟರೆ ಮಾತ್ರ ಕಾಣುತ್ತದೆ. ನಸುಬಿಳಿ ಗೆರೆಗಳು ಒಂದರ ಪಕ್ಕ ಒಂದು ಸಾವಿರದಷ್ಟು ಮಲಗಿವೆ. ನಡುವೆ ಇದೊಂದು ಕಪ್ಪಗೆ. ಯಂತ್ರ ಅದಕ್ಕೆ ಕೊಟ್ಟ ಟಿಪ್ಪಣಿ: ಹುಟ್ಟಿದ ನಾನೂರ ಎಂಬತ್ತೊಂಬತ್ತನೆಯ ದಿನದಿಂದ ಹನ್ನೊಂದು ದಿನ, ತೀವ್ರ ಕಾಯಿಲೆ.

ಅವ್ವನಿಗೆ ಫೋನು ಮಾಡಿದೆ.

"ನಾ ಒಂದು ವರ್ಷ ನಾಲ್ಕು ತಿಂಗಳಿನಾಕಿ ಇದ್ದಾಗ ನನಗ ಏನಾಗಿತ್ತು?"

"ನ್ಯುಮೋನಿಯಾ. ಹನ್ನೊಂದು ದಿನ ಜಿಲ್ಲಾ ದವಾಖಾನಿಯೊಳಗ ಕುಂತಿದ್ದೆ. ಯಾರ ಹೇಳಿದ್ರು?"

"ಹಲ್ಲು."

"ಹಲ್ಲಿಗೆ ಇಷ್ಟು ನೆನಪಿರೂದಾದ್ರ ನಿನಗ ಪರೀಕ್ಷಾದಾಗ ಯಾಕ ಏನೂ ನೆನಪಿರಂಗಿಲ್ಲ?"

ನಾನು ನಗಬೇಕಾಗಿತ್ತು. ಆದರೆ ನನ್ನ ಎದುರಿನ ಪರದೆಯ ಮೇಲೆ ಎರಡು ಹಲ್ಲುಗಳ ಚಿತ್ರ ಇತ್ತು, ಎರಡನೆಯದರಲ್ಲಿ ಆ ಗೆರೆ ಇರಲಿಲ್ಲ. ಇರಬೇಕಾಗಿತ್ತು. ಹಳೆಯ ತೂಕದ ಪುಸ್ತಕದ ಲೆಕ್ಕ ಹಾಗೆ ಹೇಳುತ್ತಿತ್ತು.

*

ಎಂ.ಎಸ್‌ಸಿ.ಯ ಮೊದಲ ದಿನ, ‘ಜೀವಿತಾವಧಿಯ ಪೋಷಣೆ ಮತ್ತು ಆರೋಗ್ಯ’ ಎಂಬ ವಿಷಯದ ಮೊದಲ ತರಗತಿಯಲ್ಲಿ, ಹಂಚಿನಾಳ ಮೇಡಂ ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಿದ್ದರು. ಈ ತುದಿಗೆ ಗರ್ಭ, ಆ ತುದಿಗೆ ಮುಪ್ಪು. ಆಮೇಲೆ ಎಡಗಡೆಯಿಂದ ಹೆಬ್ಬೆರಳಿನಷ್ಟು ಜಾಗ ಬಿಟ್ಟು ಅಡ್ಡಗೆರೆ ಹಾಕಿ, "ಇದಿಷ್ಟು ಮೊದಲ ಸಾವಿರ ದಿನ. ಮನೆ ಕಟ್ಟೋದು ಇಲ್ಲಿಗೆ ಮುಗೀತು. ಉಳಿದದ್ದೆಲ್ಲ ಸುಣ್ಣ ಬಣ್ಣ" ಅಂದರು. ಎರಡು ವರ್ಷ ನಾವು ಕಲಿತದ್ದು ಆ ಸುಣ್ಣ ಬಣ್ಣವನ್ನೇ: ಬಸುರಿಗೆ ಎಷ್ಟು ಕಬ್ಬಿಣ, ಹದಿಹರೆಯದವರಿಗೆ ಎಷ್ಟು ಸುಣ್ಣದಂಶ, ಎಪ್ಪತ್ತರ ಮುದುಕನ ತಟ್ಟೆಯಲ್ಲಿ ಎಷ್ಟು ಬೇಳೆ. ಆದರೆ ಮೇಡಂ ಕಣ್ಣು ಯಾವಾಗಲೂ ಆ ಹೆಬ್ಬೆರಳಗಲದ ಮೇಲೆ.

ಅವರ ಯಂತ್ರ ಓದುವುದೂ ಅದನ್ನೇ. ಹಲ್ಲು ಮೂಡುವಾಗ ದಿನಕ್ಕೊಂದು ಪದರ ಕೂಡುತ್ತಾ ಹೋಗುತ್ತದೆ. ಆ ದಿನ ತಾಯಿಯ ಹಾಲು ಸಿಕ್ಕಿತೋ, ಬೇಳೆ ಸಿಕ್ಕಿತೋ, ಬರೀ ಗಂಜಿಯೋ, ಅದರ ಗುರುತು ಆ ಪದರದಲ್ಲಿ ಉಳಿಯುತ್ತದೆ. ಮೊದಲ ದವಡೆಹಲ್ಲಿನ ಮೇಲ್ಭಾಗ ಹುಟ್ಟಿದಂದಿನಿಂದ ಮೂರು ವರ್ಷದ ಹೊತ್ತಿಗೆ ಪೂರ್ತಿಯಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾರೂ ಅದರಲ್ಲಿ ಏನೂ ಸೇರಿಸಲಾರರು, ಅಳಿಸಲಾರರು. ಯಂತ್ರಕ್ಕೆ ಮೇಡಂ ಇಟ್ಟ ಹೆಸರು ದಂತವಾಚಕ. ಜನ ಹಲ್ಲಿನ ಮಷಿನ್ ಅನ್ನುತ್ತಾರೆ.

ಐದು ವರ್ಷದ ಹಿಂದೆ ಸರ್ಕಾರ ‘ಸಾವಿರ ದಿನ’ ಯೋಜನೆ ತಂದಿತು. ಮೊದಲ ಸಾವಿರ ದಿನ ಹಸಿದಿದ್ದವರಿಗೆ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಕಿಡ್ನಿಯ ಕಾಯಿಲೆ ಎಲ್ಲದಕ್ಕೂ ಸರ್ಕಾರವೇ ಚಿಕಿತ್ಸೆ ಕೊಡುತ್ತದೆ. ಬೇಕಾದರೆ ಪ್ರಯೋಗಾಲಯದಲ್ಲಿ ಬೆಳೆಸಿದ ಹೊಸ ಕಿಡ್ನಿ ಕೂಡ. ಹಸಿದಿದ್ದೆ ಎಂದು ನೀವು ಹೇಳಿದರೆ ಸಾಲದು, ಹಲ್ಲು ಹೇಳಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದು ಮಷಿನ್. ಚೀಟಿಯಲ್ಲಿ ಬರುವುದು ಎರಡೇ ಉತ್ತರ: ‘ಕೊರತೆ’ ಅಥವಾ ‘ಸಾಕಷ್ಟು’. ಬೇಗನೆ ಚೀಟಿಗೆ ಬೇರೆ ಬೇರೆ ಉಪಯೋಗಗಳು ಹುಟ್ಟಿಕೊಂಡವು. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ಅದನ್ನೂ ಕೇಳತೊಡಗಿದರು. ಬಾಯಿ ತೆಗೆದು ನಗುವ ಹುಡುಗಿಯರಿಗೆ ಮುದುಕಿಯರು, "ಬಾಯಿ ಮುಚ್ಚು, ನಿಮ್ಮವ್ವ ಏನ ಉಣಿಸ್ಯಾಳ ಎಲ್ಲಾ ಕಾಣತೈತಿ" ಎಂದು ಗದರಿಸತೊಡಗಿದರು.

ಆದರೆ ಎಷ್ಟು ಸಿಕ್ಕರೆ ಸಾಕಷ್ಟು? ಅದನ್ನು ಯಂತ್ರ ತಾನಾಗಿ ಹೇಳಲಾರದು. ಹಲ್ಲಿನಲ್ಲಿ ಇಷ್ಟು ಕಂಡರೆ ಮಗುವಿನ ಮೈಯಲ್ಲಿ ಎಷ್ಟು ಬೆಳವಣಿಗೆ ಇತ್ತು ಎಂದು ಹೇಳುವ ಒಂದು ಅಳತೆಗೋಲು ಬೇಕು. ಅದಕ್ಕೆ ಮಕ್ಕಳ ಹಲ್ಲೂ ಬೇಕು, ಅದೇ ಮಕ್ಕಳು ಕೂಸಾಗಿದ್ದಾಗಿನ ತಿಂಗಳು ತಿಂಗಳ ತೂಕವೂ ಬೇಕು. ಹಳೆಯ ತೂಕದ ಪುಸ್ತಕಗಳನ್ನು ಹುಡುಕಿಕೊಂಡು ಮೇಡಂ ಊರೂರು ಅಲೆದರಂತೆ. ಎಲ್ಲ ಪುಸ್ತಕಗಳಲ್ಲೂ ಖಾಲಿ ಬಿಟ್ಟ ಅಂಕಣಗಳು: ಆಷಾಢದಲ್ಲಿ ಮಗು ತಾಯಿಯ ತವರಿಗೆ ಹೋಗಿತ್ತು, ಸುಗ್ಗಿಯಲ್ಲಿ ಹೊಲಕ್ಕೆ ಹೋಗಿತ್ತು. ಒಂದೇ ಒಂದು ಪುಸ್ತಕದಲ್ಲಿ ಮಾತ್ರ ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಪ್ಪತ್ತೆರಡು ಮಕ್ಕಳು, ಐದು ವರ್ಷ, ಒಂದು ತಿಂಗಳೂ ಬಿಟ್ಟಿಲ್ಲ. ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯ ಅಂಗನವಾಡಿ. ಬರೆದವರು ಶಂಕ್ರವ್ವ ಟೀಚರ್.

ಶಂಕ್ರವ್ವ ಟೀಚರ್ ನನ್ನ ಅವ್ವ. ಆ ಇಪ್ಪತ್ತೆರಡರಲ್ಲಿ ನಾನೂ ಒಬ್ಬಳು. ಮೇಡಂ ನನ್ನನ್ನು ಹಾಗೆಯೇ ಪರಿಚಯಿಸುತ್ತಿದ್ದರು. ಹೊರರಾಜ್ಯದ ಪ್ರೊಫೆಸರುಗಳು ಬಂದಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವಳು ಮಹಾನಂದಾ. ಇವರವ್ವನ ಅಕ್ಷರದ ಮೇಲೆ ನಮ್ಮ ಯಂತ್ರ ನಿಂತಿದೆ" ಅನ್ನುತ್ತಿದ್ದರು. ಅಂಥ ದಿನ ನಾನು ಹಾಸ್ಟೆಲ್ಲಿನ ಸಪ್ಪೆ ಸಾರನ್ನೂ ಖುಷಿಯಾಗಿ ಉಣ್ಣುತ್ತಿದ್ದೆ.

*

ಎರಡನೆಯ ಹಲ್ಲು ಕಸ್ತೂರಿಯದು.

ನಾವು ಒಂದೇ ಓಣಿಯವರು, ಹತ್ತೊಂಬತ್ತು ದಿನದ ಅಂತರದಲ್ಲಿ ಹುಟ್ಟಿದವರು. ಅವಳು ದೊಡ್ಡವಳು. ನನ್ನ ಭುಜಕ್ಕೆ ಬರುತ್ತಾಳೆ. ಕತ್ತೆತ್ತಿ ನನ್ನ ಮುಖ ನೋಡುತ್ತಾ, "ಅಕ್ಕಗ ಮರ್ಯಾದಿ ಕೊಡು" ಅನ್ನುವುದು ಅವಳ ಹಳೆಯ ಚಾಳಿ. ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು. ಇಪ್ಪತ್ಮೂರಕ್ಕೆ ಕಾಲು ಬಾತವು, ಇಪ್ಪತ್ನಾಲ್ಕಕ್ಕೆ ಎರಡೂ ಕಿಡ್ನಿ ಹೋದವು. ವೈದ್ಯರು ಅವಳಿಗೆ ಹೇಳಿದ್ದು ನಾನು ಪಾಠದಲ್ಲಿ ಓದಿದ್ದೇ: ಮೊದಲ ದಿನಗಳಲ್ಲಿ ಹಸಿದ ಕೂಸಿನ ಕಿಡ್ನಿಯಲ್ಲಿ ಜರಡಿಗಳು ಕಡಿಮೆ ಇರುತ್ತವೆ. ಇರುವ ನಾಲ್ಕು ಜರಡಿಗಳೇ ಹತ್ತರ ಕೆಲಸ ಮಾಡಿ ಬೇಗ ಸವೆಯುತ್ತವೆ.

ಅವಳು ವಿಭಾಗಕ್ಕೆ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ.

"ಸೋಮವಾರ, ಗುರುವಾರ ನನ್ನ ರಕ್ತ ತಗದು, ಒಗದು, ಹಿಂಡಿ, ಮತ್ತ ಒಳಗ ಹಾಕ್ತಾರ" ಅಂದಳು. "ನಿಮ್ಮ ಹಾಸ್ಟೆಲ್ಲಿನ ಅಗಸಗಿಂತ ಚಲೋ ಒಗೀತಾರ. ಈ ಚೀಟಿ ಓದು."

ಚೀಟಿಯಲ್ಲಿ ‘ಸಾಕಷ್ಟು’ ಎಂದಿತ್ತು.

"ನಾ ಸಣ್ಣಾಕಿದ್ದಾಗ ಸಾಕಷ್ಟು ಉಂಡೀನಂತ. ನಮ್ಮವ್ವ ಇದ್ದಿದ್ರ ಬಿದ್ದು ಬಿದ್ದು ನಗತಿದ್ಲು." ಅವಳವ್ವ ಹನುಮವ್ವ ತೀರಿಕೊಂಡು ಎರಡು ವರ್ಷವಾಗಿತ್ತು.

"ಮೇಲ್ಮನವಿ ಹಾಕಾಕ ಬರತೈತಿ" ಅಂದೆ.

"ಹಾಕೀನಿ. ಇಪ್ಪತ್ತು ದಿನಕ್ಕ ಕರದಾರ. ಮಷಿನ್ ತಪ್ಪು ಅಂತ ತೋರಿಸಿದ್ರ ಎರಡು ತಿಂಗಳಾಗ ಹೊಸ ಕಿಡ್ನಿ. ಇಲ್ಲಂದ್ರ..." ಅವಳು ಎದೆಯ ಮೇಲೆ ಕೈಯಿಟ್ಟಳು. "ಇದೂ ಬಾತೈತಂತ. ವರ್ಷ ದಾಟೂದು ಕಷ್ಟ ಅಂದ್ರು ಡಾಕ್ಟ್ರು. ನೀ ಒಮ್ಮೆ ಖುದ್ದ ಓದಿ ನೋಡು, ನಂದಾ."

ಅವಳ ಹಲ್ಲಿನಿಂದ ಚೂರು ತೆಗೆದೆ. ನೋವಾಯಿತೇ ಎಂದು ಕೇಳಿದ್ದಕ್ಕೆ, "ವಾರಕ್ಕ ಎರಡು ದಿನ ಎರಡೆರಡು ದಬ್ಬಣ ಚುಚ್ಚಿಸಿಕೊಳ್ಳಾಕಿಗೆ ಇದೇನ ನೋವು" ಅಂದಳು. ನೀರು ಕೊಡಹೋದೆ. ದಿನಕ್ಕೆ ಎರಡು ಲೋಟ ಮಾತ್ರ, ಇವತ್ತಿನದು ಮುಗಿದಿದೆ ಅಂದಳು. ಆ ಲೆಕ್ಕ ಅವಳಿಗೆ ಬರೆದುಕೊಟ್ಟವಳು ನಾನೇ. ಬಾಳೆಹಣ್ಣು ಬೇಡ, ಪಲ್ಯ ಎರಡು ಸಲ ಕುದಿಸಿ ನೀರು ಚೆಲ್ಲು, ಉಪ್ಪು ಚಿಟಿಕೆ. ಮರೆತು ಲೋಟ ಹಿಡಿದುಕೊಂಡು ನಿಂತಿದ್ದೆ.

*

ಶನಿವಾರ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಕಸ್ತೂರಿಯ ಚೂರನ್ನು ಕೊಯ್ದು, ಯಂತ್ರದ ಕೊನೆಯ ಉತ್ತರವನ್ನು ಬದಿಗಿಟ್ಟು, ಅವಳ ಪದರಗಳನ್ನು ಒಂದೊಂದಾಗಿ ಎಣಿಸಿದೆ. ಪದರಗಳು ತೆಳ್ಳಗಿದ್ದವು. ಎಂಟನೆಯ ತಿಂಗಳಿಂದ ತಾಯಿಯ ಹಾಲಿನ ಗುರುತು ಮಸುಕಾಗಿ, ಅದರ ಜಾಗಕ್ಕೆ ಅಂಬಲಿ ಬಂದಿತ್ತು. ಮತ್ತೇನೂ ಬಂದಿರಲಿಲ್ಲ. ಎರಡು ವರ್ಷ ಹೆಚ್ಚುಕಡಿಮೆ ಅದೇ ಅಂಬಲಿ. ಇದಕ್ಕೆ ಯಂತ್ರ ‘ಸಾಕಷ್ಟು’ ಅನ್ನುವುದು ಹೇಗೆ?

ಅವ್ವನ ಪುಸ್ತಕದ ಪ್ರತಿ ತೆಗೆದು ಪಕ್ಕಕ್ಕಿಟ್ಟುಕೊಂಡೆ. ಕಸ್ತೂರಿ, ಒಂದು ವರ್ಷಕ್ಕೆ ಒಂಬತ್ತೂವರೆ ಕಿಲೋ. ಗುಂಡಗುಂಡಗಿನ ಕೂಸು. ಒಂದು ವರ್ಷ ನಾಲ್ಕು ತಿಂಗಳಿಗೆ ಮಾತ್ರ ಒಮ್ಮೆಲೇ ಏಳುನೂರು ಗ್ರಾಂ ಇಳಿದಿದೆ. ಅವಳೊಬ್ಬಳದೇ ಅಲ್ಲ, ಆ ತಿಂಗಳು ಇಪ್ಪತ್ತೆರಡು ಮಕ್ಕಳದೂ ಇಳಿದಿದೆ. ಮೇಡಂ ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದಿದ್ದರು: ಆ ಮಳೆಗಾಲ ಓಣಿಯಲ್ಲಿ ಹಬ್ಬಿದ ವಾಂತಿಭೇದಿ, ಅದರಿಂದ ಮಕ್ಕಳು ಚೇತರಿಸಿಕೊಂಡ ಬಗೆ. ನಮಗೆ ಅದು ಪಠ್ಯ. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೇನೆ.

ಏಳುನೂರು ಗ್ರಾಂ ಇಳಿಸುವ ಕಾಯಿಲೆ ಹಲ್ಲಿನಲ್ಲಿ ಕಪ್ಪು ಗೆರೆ ಬಿಡಲೇಬೇಕು. ಕಸ್ತೂರಿಯ ಹಲ್ಲಿನಲ್ಲಿ ಆ ವಾರ, ಹಿಂದಿನ ವಾರ, ಮುಂದಿನ ವಾರ, ಎಲ್ಲ ಒಂದೇ ಥರ. ಗೆರೆಯೇ ಇಲ್ಲ. ಯಂತ್ರವೇ ಕೆಟ್ಟಿರಬೇಕು ಎಂದುಕೊಂಡು, ಪರೀಕ್ಷಿಸಲು ಕೈಗೆ ಸಿಕ್ಕ ಇನ್ನೊಂದು ಹಲ್ಲಿನಿಂದ, ಅಂದರೆ ನನ್ನದರಿಂದಲೇ, ಒಂದು ಚೂರು ತೆಗೆದಿಟ್ಟೆ. ಗೆರೆ ಕಂಡದ್ದು ಆಗ. ಅವ್ವನಿಗೆ ಫೋನು ಮಾಡಿದ್ದೂ ಆಗಲೇ.

ಓಣಿಗೆ ಯಾವ ವಾಂತಿಭೇದಿಯೂ ಬಂದಿರಲಿಲ್ಲ. ಒಂದು ಕೂಸಿಗೆ ನ್ಯುಮೋನಿಯಾ ಆಗಿತ್ತು. ಇಪ್ಪತ್ತೆರಡು ಕೂಸುಗಳ ತೂಕ ಇಳಿದಿತ್ತು.

*

ಭಾನುವಾರ ಊರಿಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ‘ಆದರ್ಶ ಅಂಗನವಾಡಿ’ ಎಂಬ ಪ್ರಶಸ್ತಿಪತ್ರ. ನಾನು ಚಪ್ಪಲಿ ಕೂಡ ಬಿಡಲಿಲ್ಲ.

"ಅವ್ವಾ, ಕಸ್ತೂರಿನ್ನ ಯಾರು ತೂಗತಿದ್ರು?"

"ಯಾರೂ ತೂಗಿಲ್ಲ."

ಸುಳ್ಳು ಹೇಳುತ್ತಾಳೆ, ನಾನು ಕೂಗಾಡುತ್ತೇನೆ ಎಂದು ಬಸ್ಸಿನಲ್ಲಿ ಇಡೀ ದಾರಿ ತಯಾರಾಗಿ ಬಂದಿದ್ದೆ.

"ಚಪ್ಪಲಿ ಬಿಟ್ಟು ಬಾ" ಅಂದಳು ಅವ್ವ. ಬಿಟ್ಟು ಬಂದು ಕುಳಿತೆ.

"ತೂಗಿದ ಕೂಸು ಸೊರಗತೈತಿ ಅಂತಿದ್ರು. ಬೆಲ್ಲ ತೂಗಬೇಕು, ಮೆಣಸಿನಕಾಯಿ ತೂಗಬೇಕು, ಕೂಸಿನ್ನ ಯಾರರ ತೂಗತಾರೇನ ಅಂತ ಆ ಹನುಮವ್ವನ ನನ್ನ ಮುಂದ ಕೈ ತಿರುವಿದ್ಲು. ಉಣ್ಣಾಕ ಕಳಸತಿದ್ರು. ತಕ್ಕಡಿ ತಗದೆ ಅಂದ್ರ ಕೂಸು ಎತಗೊಂಡು ಓಡತಿದ್ರು. ಮ್ಯಾಲಿನವರಿಗೆ ಐದನೇ ತಾರೀಖಿಗೆ ತೂಕ ಬೇಕು. ಖಾಲಿ ಬಿಟ್ರ ಕೇಂದ್ರ ಮುಚ್ಚತೀವಿ ಅನ್ನವರು. ಮುಚ್ಚಿದ್ರ ಆ ಕೂಸುಗಳಿಗೆ ಮಧ್ಯಾಹ್ನದ ಅಂಬಲಿನೂ ಇಲ್ಲ. ಏನ ಮಾಡಬೇಕಿತ್ತು ನಾ?"

"ಏನ ಮಾಡಿದಿ?"

"ನಿನ್ನ ತೂಗಿದೆ."

ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಇನ್ನೊಂದು ಉಂಡೆ ತೆಗೆದುಕೊಂಡಳು.

"ಜೋಳಿಗಿಯೊಳಗ ಕುಂದರಿಸಿ ತಕ್ಕಡಿಗೆ ತೂಗ ಹಾಕಿದ್ರ ನೀ ಜೋಕಾಲಿ ಅಂತ ನಗತಿದ್ದಿ. ಒಮ್ಮೆ ತೂಗಿ ನಿನ್ನ ಹೆಸರಿಗೆ ಬರಕೊಂತಿದ್ದೆ. ಆಮ್ಯಾಲ ಒಬ್ಬೊಬ್ಬರ ಮಾರಿ ನೆನಸಿಕೊಂಡು ಒಬ್ಬಾಕಿಗೆ ನೂರು ಗ್ರಾಂ ಕಮ್ಮಿ, ಒಬ್ಬಾಂವಗ ಐವತ್ತು ಹೆಚ್ಚು. ಅವರ ಕೂಸುಗಳಿಗೆ ದೃಷ್ಟಿ ಆಗೂದು ಬ್ಯಾಡ, ಆಗೂದಿದ್ರ ನನ್ನ ಕೂಸಿಗೇ ಆಗ್ಲಿ ಅಂತ. ಮನಿಗೆ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕತಿದ್ದೆ. ಇಪ್ಪತ್ತೆರಡು ಸಲ. ನಿಮ್ಮಪ್ಪ ಕೆಮ್ಮಿ ಕೆಮ್ಮಿ ಹೊರಗ ಹೋಗಿ ಕುಂದ್ರತಿದ್ದ."

ಇಷ್ಟನ್ನು ಅವಳು ಹೇಳಿದ್ದು ಒಂದು ಥರದ ಹೆಮ್ಮೆಯಿಂದ. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆಮೇಲೆ ನನ್ನ ಪಾಠದ ಒಂದು ಪುಟ ನೆನಪಾಯಿತು.

"ಭಾಳ ಕಮ್ಮಿ ತೂಕದ ಕೂಸುಗಳಿಗೆ ಬ್ಯಾರೆ ಆಹಾರ ಬರತಿತ್ತಲ್ಲ, ದಿನಾ ಹಾಲು, ತತ್ತಿ. ನಮ್ಮ ಕೇಂದ್ರಕ್ಕ ಬರತಿತ್ತೇನು?"

"ಇಲ್ಲ. ನಮ್ಮಲ್ಲಿ ಯಾರದೂ ಕಮ್ಮಿ ಇರಲಿಲ್ಲಲ್ಲ."

ಹೇಳಿದ ಮೇಲೆ ತಾನಂದದ್ದು ಅವಳಿಗೆ ಕೇಳಿಸಿತು. ಕೈಯಲ್ಲಿನ ಹಿಟ್ಟನ್ನು ನಾದುವ ಕೊಣಮಿಗೆಗೆ ವಾಪಸ್ ಹಾಕಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನೇ ಎದ್ದು ತೆಗೆದೆ.

"ಕಸ್ತೂರಿಗೆ ಅದರಿಂದನ ಹಿಂಗ ಆಗೈತೇನು?" ಎಂದು ಕೇಳಿದಳು.

"ಹೌದು."

"ಯಾರರ ಕೇಳಿದ್ರ ಹೇಳ್ತೇನಿ. ನನಗೇನ ಅಂಜಿಕಿ. ರಿಟೈರ್ಡ್ ಆಗೀನಿ." "ಹೇಳ್ತೇನಿ" ಎಂದು ಮತ್ತೊಮ್ಮೆ ಅಂದಳು.

*

ಸೋಮವಾರ ಮೇಡಂ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿದ್ದರು. ಅಳೆದು ಉಣ್ಣುವವರು ಅವರು: ಒಂದು ಬಟ್ಟಲು ಅನ್ನ, ಒಂದೂವರೆ ಬಟ್ಟಲು ಪಲ್ಯ. ನಾನು ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವರು ಉಣ್ಣುತ್ತಲೇ ಕೇಳಿಸಿಕೊಂಡರು. ಅವರಿಗೆ ಸಿಡಿಲು ಬಡಿದ ಹಾಗಾಗುತ್ತದೆ, ಅವರನ್ನು ಹೇಗೆ ಸಮಾಧಾನ ಮಾಡಲಿ ಎಂಬ ಚಿಂತೆ ನನಗಿತ್ತು.

"ಮೂರನೇ ಹಲ್ಲಿಗೇ ಗೊತ್ತಾಯಿತು" ಅಂದರು.

"ಏನು?"

"ಅಳತೆಗೋಲು ಮಾಡುವಾಗ ನಿಮ್ಮ ಓಣಿಯ ಹನ್ನೊಂದು ಮಕ್ಕಳ ಹಲ್ಲು ಓದಿದ್ದೆ. ಒಂದರಲ್ಲೂ ಆ ಗೆರೆ ಇರಲಿಲ್ಲ. ಮೊದಲ ಎರಡನ್ನು ಯಂತ್ರದ ದೋಷ ಅಂದುಕೊಂಡೆ. ಮೂರನೆಯದಕ್ಕೆ ಅರ್ಥವಾಯಿತು, ಪುಸ್ತಕದಲ್ಲಿ ಇರೋದು ಒಂದೇ ಮಗು ಅಂತ. ಅಷ್ಟೊತ್ತಿಗೆ ಈ ಕೆಲಸದಲ್ಲಿ ನನ್ನ ಹನ್ನೆರಡು ವರ್ಷ ಕಳೆದುಹೋಗಿತ್ತು, ನಂದಾ. ವಾಂತಿಭೇದಿಯ ಪ್ರಬಂಧ ಅಚ್ಚಾಗಿತ್ತು. ನನಗೂ ಮೋಸ ಆಗಿದೆ ಅನ್ನೋದನ್ನ ನೀನು ಮರೀಬೇಡ."

"ಹಸಿದ ಹಲ್ಲಿನ ಪಕ್ಕ ನನ್ನ ತೂಕ ಇಟ್ಟು ಅಳತೆಗೋಲು ಮಾಡಿದಿರಿ" ಅಂದೆ. "ಅದಕ್ಕೇ ಹಸಿದವರನ್ನೆಲ್ಲ ಯಂತ್ರ ‘ಸಾಕಷ್ಟು’ ಅನ್ನುತ್ತಿದೆ."

"ಎಲ್ಲರನ್ನೂ ಅಲ್ಲ. ತೀರಾ ಹಸಿದವರು ‘ಕೊರತೆ’ ಅಂತಲೇ ಬರ್ತಾರೆ. ನಲವತ್ತು ಸಾವಿರ ಜನ ಇವತ್ತು ಚಿಕಿತ್ಸೆಯಲ್ಲಿದ್ದಾರೆ. ಯಂತ್ರ ತಪ್ಪು ಅಂದ ದಿನ ಯೋಜನೆ ನಿಲ್ಲುತ್ತೆ. ಯಾವ ಮಂತ್ರಿಯೂ ಅದನ್ನ 'ಸರಿಪಡಿಸಿ' ಅನ್ನಲ್ಲ, 'ನಿಲ್ಲಿಸಿ' ಅಂತಾನೆ."

"‘ಸಾಕಷ್ಟು’ ಅನ್ನಿಸಿಕೊಂಡು ವಾಪಸ್ ಹೋದವರು ಎಷ್ಟು ಜನ?"

"ಅದನ್ನ ಯಾರೂ ಎಣಿಸಿಲ್ಲ."

ಬಾಗಿಲವರೆಗೆ ಹೋದವಳು ತಿರುಗಿ ನಿಂತೆ. ಅದೊಂದನ್ನು ಕೇಳದೆ ಹೋಗಲು ಆಗಲಿಲ್ಲ.

"ಎರಡು ವರ್ಷದಿಂದ ನಿಮ್ಮ ಕೈಕೆಳಗೆ ಇದ್ದೀನಿ. ನನ್ನ ಹಲ್ಲನ್ನ ಒಮ್ಮೆಯೂ ಕೇಳಲಿಲ್ಲ ನೀವು."

"ನಿನ್ನದು ಬೇಕಿರಲಿಲ್ಲ" ಅಂದರು ಮೇಡಂ. ಬಹಳ ಮೃದುವಾಗಿ ಹೇಳಿದರು. "ನಿನ್ನದು ನನ್ನ ಹತ್ತಿರ ಇಪ್ಪತ್ತೆರಡು ಸಲ ಇತ್ತು."

ಹಾಸ್ಟೆಲ್ಲಿಗೆ ನಡೆಯುವಾಗ ನನ್ನ ಹೆಗಲು ನನ್ನದಲ್ಲ ಅನಿಸುತ್ತಿತ್ತು. ಅವರು ಕೈಯಿಡುತ್ತಿದ್ದ ಹೆಗಲು.

*

ಗುರುವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಕಸ್ತೂರಿ ಡಯಾಲಿಸಿಸ್ ಮಂಚದ ಮೇಲೆ ಮಲಗಿ ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಿದ್ದಳು. ಅವಳಿಗೆ ನಿಷಿದ್ಧವಾದದ್ದನ್ನೆಲ್ಲ ಬಾಣಲೆಗೆ ಸುರಿಯುತ್ತಿದ್ದರು. ಪಕ್ಕದಲ್ಲಿ ಕೊಳವೆಯೊಳಗೆ ಅವಳ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ಅವ್ವ ಮಾಡಿದ್ದನ್ನು ಹೇಳಿದೆ. ಹಾಲು, ತತ್ತಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಹೇಳಿ ತಲೆ ತಗ್ಗಿಸಿದೆ.

"ಗೊತ್ತೈತಿ" ಅಂದಳು.

"ಏನ ಗೊತ್ತೈತಿ?"

"ನಮ್ಮವ್ವ ಸಾಯೂ ಮುಂದ ಹೇಳಿದ್ಲು. ನಿನ್ನ ಒಮ್ಮೆನೂ ತೂಗಗೊಟ್ಟಿಲ್ಲ, ಟೀಚರ್ ಏನ ಬರಕೊಂಡಾಳೊ ಬರಕೊಂಡಾಳ ಅಂತ. ಸೊರಗಬಾರದು ಅಂತ ತೂಗಗೊಡಲಿಲ್ಲ, ನೋಡು ಹೆಂಗ ಬೆಳದೀನಿ." ತನ್ನ ಗಿಡ್ಡ ಕಾಲುಗಳನ್ನು ಹೊದಿಕೆಯೊಳಗೇ ಅಲ್ಲಾಡಿಸಿ ನಕ್ಕಳು.

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ಮೆಣಸಿನಕಾಯಿ ತೊಟ್ಟು ಬಿಡಸಾಕಿ ಹೇಳಿದ್ರ ಮಾತು. ನೀ ಹೇಳಿದ್ರ ಕಾಗದ." ಫೋನು ಎದೆಯ ಮೇಲಿಟ್ಟುಕೊಂಡಳು. "ನೀ ಓದಿದ್ರ ನಿನಗ ಸಿಗತೈತಿ ಅಂತ ಗೊತ್ತಿತ್ತು. ಸಿಕ್ಕ ಮ್ಯಾಲ ನನ್ನ ಕಡೆ ಬರ್ತೀಯೊ ಇಲ್ಲೊ, ಅದು ಗೊತ್ತಿರಲಿಲ್ಲ. ಬಂದಿ."

"ನನ್ನ ಪರೀಕ್ಷಾ ಮಾಡಿದಿ ಹಂಗಾದ್ರ."

"ಅಕ್ಕ ಇದ್ದೀನಿ. ಮಾಡಬಾರದೇನು?" ಆಮೇಲೆ ಅವಳ ಮುಖದಿಂದ ತಮಾಷೆ ಹೋಯಿತು. "ಮೇಲ್ಮನವಿಯೊಳಗ ನಿಂತು ಹೇಳ್ತೀ ಹೌದಲ್ಲೊ?"

"ಹೇಳ್ತೀನಿ."

"ನಿಮ್ಮವ್ವಗ ತ್ರಾಸ ಆಗತೈತಿ."

"ಅವ್ವನೂ ಹೇಳ್ತಾಳ. ಮಾತು ಕೊಟ್ಟಾಳ."

ಅವಳು ನನ್ನ ಕೈ ಹಿಡಿದುಕೊಂಡಳು. ಸೂಜಿ ಇಲ್ಲದ ಕೈಯಿಂದ.

*

ಮೇಲ್ಮನವಿ ಸಮಿತಿ ಕುಳಿತದ್ದು ವಿಶ್ವವಿದ್ಯಾಲಯದ್ದೇ ಒಂದು ಸಭಾಂಗಣದಲ್ಲಿ. ಮೂವರು ಸದಸ್ಯರು, ನಡುವೆ ಅಧ್ಯಕ್ಷರಾದ ನಿವೃತ್ತ ವೈದ್ಯರು. ಯಂತ್ರದ ಪರವಾಗಿ ಮೇಡಂ. ಕಸ್ತೂರಿ ಮೊದಲ ಸಾಲಿನಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತಿದ್ದಳು. ಅವಳಿಗೆ ಯಾವಾಗಲೂ ಚಳಿ.

ಅವ್ವ ಅಂಗನವಾಡಿಯ ಹಳೆಯ ಸಮವಸ್ತ್ರದ ಸೀರೆ ಉಟ್ಟು ಬಂದಿದ್ದಳು. ಕಂಕುಳಲ್ಲಿ ಬುತ್ತಿಯ ಗಂಟು. ಬಸ್ಸು ಯಾವಾಗ ಹತ್ತಿದಿ ಎಂದು ಕೇಳಿದೆ. "ಬಸ್ಸಿಲ್ಲ. ನಿಮ್ಮ ಮೇಡಂ ಕಾರು ಕಳಿಸಿದ್ರು" ಅಂದಳು. ನನ್ನ ಮುಖ ನೋಡದೆ ಹೇಳಿದಳು. ಇನ್ನೇನು ಕೇಳುವಷ್ಟರಲ್ಲಿ ಅವಳ ಹೆಸರು ಕೂಗಿದರು.

ಪ್ರಮಾಣ ಮಾಡಿಸಿದರು. ಅಧ್ಯಕ್ಷರು ಪುಸ್ತಕ ತೋರಿಸಿ, "ಈ ಅಕ್ಷರ ನಿಮ್ಮದೇನಮ್ಮ?" ಎಂದು ಕೇಳಿದರು.

"ಹೌದ್ರಿ."

"ಈ ಇಪ್ಪತ್ತೆರಡು ಮಕ್ಕಳನ್ನೂ ಪ್ರತಿ ತಿಂಗಳು ನೀವೇ ತೂಗಿದಿರಾ?"

ಅವ್ವ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

"ನಾನ ತೂಗೀನ್ರಿ. ಎಲ್ಲಾರ್ನೂ."

"ನಿಮ್ಮ ಮಗಳ ವರದಿಯಲ್ಲಿ ಬೇರೆ ಥರ ಇದೆ."

"ಸಣ್ಣಾಕಿ ಅದಾಳ್ರಿ. ಏನೋ ತಿಳಕೊಳ್ಳೂದ್ರಾಗ ತಪ್ಪಿರಬೇಕು." ತಾನಾಗಿ ಸೇರಿಸಿದಳು: "ಆಕಿ ಓದು ಕೆಡಬಾರದ್ರಿ."

ಮೇಡಂ ತಮ್ಮ ಕಾಗದಗಳನ್ನು ನೋಡುತ್ತಿದ್ದರು. ಕಸ್ತೂರಿ ಅವ್ವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹೆದರಿದವಳ ಹಾಗೆ ಅಲ್ಲ. ಈಗ ನಿನ್ನ ಸರದಿ ಅನ್ನುವ ಹಾಗೆ, ಗಲ್ಲ ಸ್ವಲ್ಪ ಮೇಲೆತ್ತಿ.

ನಾನು ಹೋಗಿ ನಿಂತೆ. ಎರಡು ಚಿತ್ರಗಳನ್ನು ಗೋಡೆಯ ಮೇಲೆ ತೋರಿಸಿ, ಪದರಗಳ ಬಗ್ಗೆ, ಗೆರೆಯ ಬಗ್ಗೆ, ಆ ತಿಂಗಳ ತೂಕದ ಬಗ್ಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗೋಡೆಯ ಹತ್ತಿರ ಬಂದು ನೋಡಿದರು. ಅವರಿಗೆ ಅರ್ಥವಾಗಿತ್ತು. ಅವರು ಒಳ್ಳೆಯ ಮನುಷ್ಯ ಎಂದು ನನಗೆ ಈಗಲೂ ಅನಿಸುತ್ತದೆ.

"ನಿಮ್ಮ ಮಾತು ನಿಜವಾದರೆ ಇವರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ. ಇವತ್ತೇ ಇವರನ್ನು ಪೊಲೀಸರಿಗೆ ಒಪ್ಪಿಸಬೇಕಾಗುತ್ತೆ" ಎಂದು ಅವ್ವನ ಕಡೆ ನೋಡಿದರು. "ಆದ್ದರಿಂದ ಯೋಚಿಸಿ ಹೇಳಿ. ಎರಡೂ ಹಲ್ಲಿನ ಚೂರುಗಳನ್ನು ನೀವೊಬ್ಬರೇ ಕೊಯ್ದಿರಿ. ಒಂದೇ ದಿನ, ಒಂದೇ ಮೇಜಿನ ಮೇಲೆ. ಅವು ಅದಲು ಬದಲಾಗಿರುವ ಸಾಧ್ಯತೆ ಇದೆಯೇ?"

ಇರಲಿಲ್ಲ. ಕಸ್ತೂರಿಯ ಚೂರನ್ನು ಓದಿ ಮುಗಿಸಿ ಡಬ್ಬಿಗೆ ಹಾಕಿ, ಹೆಸರು ಬರೆದ ಮೇಲೆಯೇ ನನ್ನದನ್ನು ತೆಗೆದದ್ದು. ಅದನ್ನು ಹೇಳಲು ನಾಲ್ಕು ಶಬ್ದ ಸಾಕಾಗಿತ್ತು.

ಅವ್ವ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ತೊಡೆಯ ಮೇಲೆ ಬುತ್ತಿಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು, ಬಸ್ಸಿನಲ್ಲಿ ಕೂಸನ್ನು ಹಿಡಿದುಕೊಂಡು ಕೂರುವ ಹಾಗೆ.

"ಪ್ರಯೋಗದಲ್ಲಿ ಸಾಧ್ಯತೆ ಇಲ್ಲವೇ ಇಲ್ಲ ಅಂತ ಹೇಳಲಿಕ್ಕಾಗುವುದಿಲ್ಲ, ಸರ್" ಅಂದೆ.

"ಅಂದರೆ ಇದೆ."

"ಇದೆ."

ಅವರು ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಬೇರೆ ಏನಾದರೂ ಹೇಳುತ್ತೇನೋ ಎಂದು ಕಾದರು. ಆಮೇಲೆ ಹೋಗಿ ಕುಳಿತು ಬರೆದುಕೊಂಡರು. ಯಂತ್ರದ ತೀರ್ಪು ಸದ್ಯಕ್ಕೆ ಹಾಗೆಯೇ ಇರುತ್ತದೆ. ಅರ್ಜಿದಾರರು ಬಯಸಿದರೆ ಮರುಪರೀಕ್ಷೆಗೆ ಹೆಸರು ಕೊಡಬಹುದು. ಮರುಪರೀಕ್ಷೆಯ ಸರದಿ ಬರಲು ಎಷ್ಟು ದಿನ ಎಂದು ಒಬ್ಬ ಸದಸ್ಯರು ವಿಚಾರಿಸಿದರು. ಹದಿನಾಲ್ಕು ತಿಂಗಳು ಎಂದು ಗುಮಾಸ್ತ ಹೇಳಿದ.

ಹೊರಗಿನ ಪಡಸಾಲೆಯಲ್ಲಿ ಕಸ್ತೂರಿ ಬಾಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಬಾತ ಕಾಲಿಗೆ ಅದು ಹಿಡಿಯುತ್ತಿರಲಿಲ್ಲ. ನಾನು ಕುಕ್ಕರುಗಾಲಲ್ಲಿ ಕುಳಿತು ಹಾಕಹೋದೆ. ಅವಳು ಕಾಲು ಹಿಂದೆ ತೆಗೆದುಕೊಂಡಳು.

"ಎರಡು ಗಂಟೆಗೆ ದವಾಖಾನಿಯೊಳಗ ನನ್ನ ಮಂಚ" ಅಂದಳು. "ತಡ ಆದ್ರ ಬ್ಯಾರೆಯವರಿಗೆ ಕೊಡ್ತಾರ."

"ನಾನೂ ಬರ್ತೀನಿ."

"ಬ್ಯಾಡ. ನಿಮ್ಮವ್ವ ಬುತ್ತಿ ತಂದಾಳ. ಉಣ್ಣು ಹೋಗು."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನು ಹಿಂದೆ ಹೋಗುತ್ತಿದ್ದೆ. ಪಟ್ಟಿ ಹಾಕದ ಚಪ್ಪಲಿಯನ್ನು ಎಳೆದುಕೊಂಡು ಅವಳು ಮೆಟ್ಟಿಲಿಳಿದಳು, ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಾ. ಕೆಳಗೆ ಹೋದ ಮೇಲೆ ಗೇಟಿನ ಆಚೆ ಬಸ್ಸಿಗಾಗಿ ನಿಂತ ಜನರಲ್ಲಿ ಅವಳನ್ನು ಗುರುತಿಸಲು ಆಗಲಿಲ್ಲ. ಎಲ್ಲರಿಗಿಂತ ಗಿಡ್ಡವಳು ಅವಳು.

ಅವ್ವ ಕ್ಯಾಂಟೀನಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಬಾಟಲಿಯಲ್ಲಿ ಮಜ್ಜಿಗೆ. ಮೇಡಂ ಫೋನು ಮಾಡಿದ್ದರು, ನಿಜ ಹೇಳಿದರೆ ನನ್ನನ್ನು ಎಂ.ಎಸ್‌ಸಿ.ಯಿಂದ ತೆಗೆದುಹಾಕುತ್ತಾರೆ ಅಂದಿದ್ದರು ಎಂದು ಹೇಳತೊಡಗಿದಳು. ಗೊತ್ತು ಅಂದೆ. ಅವಳು ರೊಟ್ಟಿಯ ಮೇಲೆ ಪಲ್ಯ ಹಾಕಿ ನನ್ನ ಕೈಗೆ ಕೊಟ್ಟಳು. ನನಗೆ ಬಹಳ ಹಸಿವಾಗಿತ್ತು. ಹಾಗೆ ಹಸಿವಾದದ್ದಕ್ಕೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಒಂದು ರೊಟ್ಟಿ ಮುಗಿಸಿದೆ.

"ಇನ್ನೊಂದು ಹಾಕ್ಲೇನು?" ಅಂದಳು ಅವ್ವ.

"ಹಾಕು" ಅಂದೆ.